‘ಸುಲಭ ಕಾಗುಣಿತ’ ಯಾರಿಗೆ ಸುಲಭ? ಕರ್ಕಿಯ ವ್ಯಾಪಾರನಾಮಗಳ ನೆಲೆಯಿಂದ ಒಂದು ವಿಮರ್ಶೆ
ವ್ಯಾಪಾರಕ್ಕೂ ಅದರ ಜಾಲತಾಣಕ್ಕೂ ಹೆಸರನ್ನು ಆರಿಸುವವರಿಗೆ ದೊರೆಯುವ ಮೊದಲ ಸಲಹೆ, ಹೆಸರು ಚಿಕ್ಕದಾಗಿರಲಿ, ಕಾಗುಣಿತ ಸುಲಭವಾಗಿರಲಿ ಎಂಬುದು. ಈ ಸಲಹೆಯು ಸುಲಭತೆಯನ್ನು ಹೆಸರಿನ ಅಂತರ್ಗತ ಗುಣವೆಂದು ಭಾವಿಸುತ್ತದೆ. ಪ್ರಸ್ತುತ ಲೇಖನದಲ್ಲಿ ನಾವು ಪ್ರಶ್ನಿಸುವುದು ಈ ಗ್ರಹಿಕೆಯನ್ನೇ. ಸುಲಭತೆಯು ಒಂದು ಭಾಷೆಯ ಧ್ವನಿವ್ಯವಸ್ಥೆಗೂ ಅದನ್ನು ಬರೆಯಲು ಆರಿಸಿಕೊಂಡ ಲಿಪಿಗೂ ನಡುವಣ ಸಂಬಂಧದಿಂದ ನಿರ್ಧಾರವಾಗುತ್ತದೆ ಎಂಬುದು ನಮ್ಮ ವಾದ.

ಹೊನ್ನಾವರ ತಾಲೂಕಿನ ಕರ್ಕಿಯನ್ನೇ ಗಮನಿಸೋಣ. ರೋಮನ್ ಲಿಪಿಯಲ್ಲಿ ಈ ಊರಿನ ಹೆಸರಿಗೆ ಐದೇ ಅಕ್ಷರ. ಕೇಳಿ ಬರೆಯುವುದು ಸುಲಭ. ನೋಡಿ ಓದುವುದು ಹಾಗಲ್ಲ. ಅದೇ ಐದು ಅಕ್ಷರಗಳನ್ನು ‘ಕಾರ್ಕಿ’ ಎಂದೂ ಓದಬಹುದು. ನೇಪಾಳದ ಮುಖ್ಯ ನ್ಯಾಯಮೂರ್ತಿಯಾಗಿದ್ದ ಸುಶೀಲಾ ಕಾರ್ಕಿಯವರ ಕುಲನಾಮಕ್ಕೂ ರೋಮನ್ ರೂಪ ಅದೇ. ನೆರೆಯ ಊರುಗಳಲ್ಲಿ ತೊಡಕು ಬೇರೆ ಬಗೆಯದು. ಕುಮಟಾದ ರೂಢಿಯ ರೋಮನ್ ರೂಪದಲ್ಲಿ ನಡುವಣ ಸ್ವರವೇ ಇಲ್ಲ. ಹೊನ್ನಾವರವನ್ನು ಒಂದು ‘ಎನ್’ನಿಂದಲೂ ಎರಡು ‘ಎನ್’ನಿಂದಲೂ ಬರೆಯುವುದುಂಟು. ಭಟ್ಕಳದಲ್ಲಿ ಮಹಾಪ್ರಾಣ ಉಳಿದಿದೆ. ಟಕಾರ ಳಕಾರಗಳ ಮೂರ್ಧನ್ಯತೆ ಉಳಿದಿಲ್ಲ.

ಆದ್ದರಿಂದ ಕಾಗುಣಿತದ ಸುಲಭತೆಯನ್ನು ಅಕ್ಷರಸಂಖ್ಯೆಯಿಂದ ಅಳೆಯುವುದಕ್ಕಿಂತ ಸಂದೇಹಸ್ಥಾನಗಳಿಂದ ಅಳೆಯುವುದು ಯುಕ್ತ. ಈ ಭಾಗದ ಎರಡು ತಿನಿಸುಗಳ ಹೆಸರುಗಳನ್ನು ಅಂಗಡಿಯ ಹೆಸರುಗಳೆಂದು ಕಲ್ಪಿಸಿಕೊಳ್ಳೋಣ. ‘ಅಪ್ಪೆಮಿಡಿ’ಯಲ್ಲಿ ಮುಖ್ಯ ಸಂದೇಹ ಒಂದೇ: ಒತ್ತಕ್ಷರಕ್ಕೆ ‘ಪಿ’ ಒಂದೋ ಎರಡೋ? ‘ತೊಡದೇವು’ವಿನಲ್ಲಾದರೋ ತಕಾರಕ್ಕೆ ‘ಟಿ’ ಅಥವಾ ‘ಟಿಎಚ್’, ದಕಾರಕ್ಕೆ ‘ಡಿ’ ಅಥವಾ ‘ಡಿಎಚ್’, ಏಕಾರಕ್ಕೆ ‘ಇ’ ಒಂದು ಅಥವಾ ಎರಡು, ವಕಾರಕ್ಕೆ ‘ವಿ’ ಅಥವಾ ‘ಡಬ್ಲ್ಯು’. ನಾಲ್ಕು ಸ್ಥಾನಗಳಲ್ಲಿ ಎರಡೆರಡು ಆಯ್ಕೆಗಳಾದರೆ ಸಾಧ್ಯರೂಪಗಳು 16. ಕನ್ನಡದಲ್ಲಿ ಎರಡೂ ನಾಲ್ಕೈದು ಅಕ್ಷರಗಳ ಪದಗಳೇ. ಮಗುವೂ ತಪ್ಪಿಲ್ಲದೆ ಬರೆದೀತು.

ಶೋಧಯಂತ್ರಗಳು ಕಾಗುಣಿತವನ್ನು ತಾವೇ ತಿದ್ದಿಕೊಳ್ಳುವುದರಿಂದ ಈ ಚಿಂತೆ ಅನಗತ್ಯವೆಂಬ ಆಕ್ಷೇಪ ಬರಬಹುದು. ಶೋಧವು ತಪ್ಪನ್ನು ಸಹಿಸುತ್ತದೆ, ನಿಜ, ವಿಳಾಸವು ಸಹಿಸುವುದಿಲ್ಲ. ಒಂದಕ್ಷರ ವ್ಯತ್ಯಾಸವಾದರೂ ಗ್ರಾಹಕನ ಮಿಂಚಂಚೆ ಬೇರೆಯವರಿಗೆ ಹೋಗುತ್ತದೆ ಅಥವಾ ಹಿಂದಿರುಗುತ್ತದೆ. ಹದಿನಾರು ವಿಳಾಸಗಳನ್ನೂ ಕೊಂಡು ವರ್ಷವರ್ಷ ಶುಲ್ಕ ತೆರುವುದು ಸಣ್ಣ ಅಂಗಡಿಗೆ ಆಗದ ಮಾತು.

ಲಿಪ್ಯಂತರವನ್ನು ಪ್ರಮಾಣೀಕರಿಸಿದರೆ ಸಾಲದೇ? 2014ರ ನವೆಂಬರ್ 1ರಿಂದ ಕರ್ನಾಟಕದ 12 ನಗರಗಳ ಇಂಗ್ಲಿಷ್ ರೂಪಗಳು ಬದಲಾದವು. ಹುಬ್ಬಳ್ಳಿ, ಶಿವಮೊಗ್ಗಗಳಿಗೆ ಒತ್ತಕ್ಷರವೂ ನಡುವಣ ಸ್ವರವೂ ಮರಳಿ ಬಂದವು. ಆದರೆ ಮೈಸೂರಿನ ‘ಸೂ’ ಮತ್ತು ‘ರು’ ಎರಡಕ್ಕೂ ‘ಯು’ ಒಂದೇ, ಹ್ರಸ್ವದೀರ್ಘಭೇದ ಕಾಣಿಸದು. ಐಎಸ್‌ಒ 15919ರಂತಹ ಲಿಪ್ಯಂತರಕ್ರಮವು ಈ ಭೇದಗಳನ್ನೆಲ್ಲ ಕಾಪಾಡುತ್ತದೆ. ಆದರೆ ಡೊಮೈನ್ ಹೆಸರುಗಳ ಸಾಂಪ್ರದಾಯಿಕ ಕ್ರಮದಲ್ಲಿ ಸಲ್ಲುವುದು 26 ರೋಮನ್ ಅಕ್ಷರ, 10 ಅಂಕಿ ಮತ್ತು ಅಡ್ಡಗೆರೆ, ಒಟ್ಟು 37 ಚಿಹ್ನೆಗಳು ಮಾತ್ರ.

‘.ಭಾರತ’ ಎಂಬ ಕನ್ನಡ ಲಿಪಿಯ ವಿಳಾಸವು ಈ ಸಂದೇಹಗಳಲ್ಲಿ ಹೆಚ್ಚಿನವನ್ನು ನೀಗುತ್ತದೆ, ಎಲ್ಲವನ್ನೂ ಅಲ್ಲ. ಕರ್ಕಿ ಎಂಬ ಹೆಸರೇ ಇದಕ್ಕೆ ನಿದರ್ಶನ. ಇದನ್ನು ಅರ್ಕಾವೊತ್ತಿನಿಂದ ‘ಕರ್ಕಿ’ ಎಂದೂ, ರಕಾರದ ಕೆಳಗೆ ಕಕಾರದ ಒತ್ತು ಕೊಟ್ಟು ‘ಕರ‍್ಕಿ’ ಎಂದೂ ಬರೆಯಬಹುದು. ಉಚ್ಚಾರಣೆ ಒಂದೇ. ಯುನಿಕೋಡ್‌ನಲ್ಲಿ ಎರಡನೆಯ ರೂಪಕ್ಕೆ ರಕಾರ ಮತ್ತು ವಿರಾಮಚಿಹ್ನೆಗಳ ನಡುವೆ ಕಣ್ಣಿಗೆ ಕಾಣದ, ಶೂನ್ಯ ಅಗಲದ ಒಂದು ಜೋಡಕ ಬೇಕು. ಆದರೆ ಬಹುಲಿಪಿ ಡೊಮೈನ್‌ಗಳಿಗಾಗಿ 2010ರಲ್ಲಿ ಪ್ರಕಟವಾದ ನಿಯಮಗಳಂತೆ ಈ ಜೋಡಕವು ವಿರಾಮಚಿಹ್ನೆಯ ಬಳಿಕವಷ್ಟೇ ಬರಬಹುದು, ಮೊದಲು ಬರುವಂತಿಲ್ಲ. ಹೀಗಾಗಿ ಫಲಕದ ಮೇಲೆ ಶುದ್ಧವೆನಿಸುವ ರೂಪವೊಂದು ವಿಳಾಸವಾಗಲಾರದು. ಒಂದು ಹೆಸರಿಗೆ ಒಂದೇ ವಿಳಾಸವಿರಬೇಕೆಂಬ ದೃಷ್ಟಿಯಿಂದ ಇದು ಲಾಭವೇ. ಆದರೆ ನೋಡಿದಂತೆಯೇ ಟೈಪಿಸುವವನಿಗೆ ಕಾರಣ ತಿಳಿಯದ ತಡೆ.

ಸುಲಭ ಕಾಗುಣಿತದ ಸಲಹೆಯನ್ನು ಯಥಾವತ್ತಾಗಿ ಪಾಲಿಸಿದರೆ ಮೊದಲು ಹೊರಬೀಳುವವು ಒತ್ತಕ್ಷರ, ದೀರ್ಘಸ್ವರ, ಮೂರ್ಧನ್ಯಗಳುಳ್ಳ ಹೆಸರುಗಳು, ಅಂದರೆ ಕನ್ನಡ ಪದಗಳ ಬಹುಭಾಗ. ಅಂಗಡಿಯವನು ತನ್ನ ಸರಕಿನ ಹೆಸರನ್ನೇ ಬಿಟ್ಟುಕೊಡಬೇಕಾದ ಈ ನಷ್ಟವನ್ನು ಸಲಹೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಹೆಸರನ್ನು ಕೇಳಿ ಬರೆಯುವ, ನೋಡಿ ಓದುವ ಎರಡೂ ದಿಕ್ಕುಗಳಲ್ಲಿ ಊರಿನವರ ಮೇಲೆಯೇ ಪರೀಕ್ಷಿಸಬೇಕು. ಸಂದೇಹಸ್ಥಾನ ಕಡಿಮೆಯಿರುವ ಕನ್ನಡ ಪದವನ್ನು ಆರಿಸಿ, ಅದರ ಒಂದೇ ರೋಮನ್ ರೂಪವನ್ನು ಫಲಕ, ಚೀಟಿ, ವಿಳಾಸಗಳಲ್ಲೆಲ್ಲ ಬಳಸಬೇಕು. ಅಪ್ಪೆಮಿಡಿ ಈ ಪರೀಕ್ಷೆಯಲ್ಲಿ ಬಹುತೇಕ ಗೆಲ್ಲುತ್ತದೆ. ತೊಡದೇವು ಸೋತರೆ ಆ ಸೋಲಿನ ಹೊಣೆ ಪದದ್ದಲ್ಲ, 37 ಚಿಹ್ನೆಗಳದ್ದು.