ಅಂಟು ಅರಳಿತ್ತೇ?

ಬಾಗಲಕೋಟೆಯಲ್ಲಿ ಇಳಕಲ್ ಬಸ್ಸಿಗೆ ಇನ್ನೂ ಹೊತ್ತಿತ್ತು. ಕಂಡ ಅಂಗಡಿಯಲ್ಲಿ ಕಾಲು ಕೆಜಿ ಕರದಂಟು ಕಟ್ಟಿಸಿದೆ. ಕರದಂಟಿನ ಊರಾದ ಅಮೀನಗಡದ ಮೇಲೇ ಹೋಗುವವನು ಇಲ್ಲಿ ಕರದಂಟು ಕೊಳ್ಳುವುದೆಂದರೆ ಬಾವಿಗೆ ಹೋಗುವ ದಾರಿಯಲ್ಲಿ ನೀರು ಕೊಂಡಂತೆ. ಆದರೂ ಹೋಲಿಸಿ ನೋಡುವ ಚಟ ಬಿಡಬೇಕಲ್ಲ!

ನೋಡಲು ಲಕ್ಷಣವಾಗಿತ್ತು. ಮೇಲೆಲ್ಲ ಗೋಡಂಬಿ, ಬಾದಾಮಿ ಹೋಳು. (ನಮ್ಮ ಬಾದಾಮಿ ಊರಿನ ಹೆಸರುವಾಸಿ ವಸ್ತು ಕೆಂಪು ಕಲ್ಲು, ಕಚ್ಚಿದಾಗ ಅದೂ ನೆನಪಾಯಿತು.) ಪಾಕ ಏರಿತ್ತು. ಹಿಂದೆಯೇ ಹಳೇ ಕೊಬ್ಬರಿಯ ಕಮಟು. ಅದು ದಾಟಿದ ಮೇಲೆ ಅಂಗುಳಕ್ಕೆ ಮೇಣ ಬಳಿದಂಥ ಜಿಡ್ಡು. ತುಪ್ಪವಾದರೆ ಬಾಯಿಯ ಬಿಸಿಗೇ ಕರಗಿ ಇಳಿದುಹೋಗುತ್ತದೆ, ಡಾಲ್ಡಾ ಅಷ್ಟು ಸುಲಭಕ್ಕೆ ಜಾಗ ಬಿಡುವುದಿಲ್ಲ. ಕಡೆಗೆ ದವಡೆಗೆ ಕಚ್ಚಿಕೊಂಡ ಅಂಟು ಬಸ್ಸು ಕಮತಗಿ ದಾಟಿದರೂ ಬಿಡಲಿಲ್ಲ.

ಪಕ್ಕದಲ್ಲಿ ಟೋಪು ತೆನಿ ಸೆರಗಿನ ಇಳಕಲ್ ಸೀರೆ ಉಟ್ಟ ಅಜ್ಜಿ ಕೂತಿದ್ದರು. ಒಂದು ಚೂರು ಕೊಟ್ಟೆ. ಬಾಯಿಗೆ ಹಾಕಲಿಲ್ಲ, ಮುರಿದು ಕಿಟಕಿಯ ಬೆಳಕಿಗೆ ಹಿಡಿದರು. ಒಳಗೆ ಕಡಲೆ ಗಾತ್ರದ ಹರಳೊಂದು ಗಾಜಿನಂತೆ ಹೊಳೆಯುತ್ತಿತ್ತು.

“ಅಂಟ ಅರಳಿಲ್ಲೋ ತಮ್ಮಾ. ತುಪ್ಪ ಕಾದಿಲ್ಲ. ಬಾಣಂತಿಗೆ ಇದನ್ನ ಕೊಟ್ರ ಸ್ವಂಟ ಗಟ್ಟಿ ಆಗೂದಿರ್ಲಿ, ಹಲ್ಲ ಉಳಿಯೂದಿಲ್ಲ.”

ನಾನು ಇಷ್ಟುದ್ದ ಬರೆಯುವುದನ್ನು ಅಜ್ಜಿ ಒಂದೇ ಮಾತಲ್ಲಿ ಮುಗಿಸಿದರು. ಕರದಂಟು ಎಂದರೆ ಕರಿದ ಅಂಟು ತಾನೆ? ಗಿಡದಿಂದ ಒಸರಿ ಗಟ್ಟಿಯಾದ ಆ ಹರಳು ತುಪ್ಪಕ್ಕೆ ಬಿದ್ದೊಡನೆ ಅರಳಿನ ಹಾಗೆ ಉಬ್ಬಬೇಕು. ತುಪ್ಪ ಹದಕ್ಕೆ ಬಂದಿರದಿದ್ದರೆ, ಹರಳು ದಪ್ಪವಿದ್ದರೆ, ಹೊರಗೆ ಅರಳಿ ಒಳಗೆ ಹಸಿ. ಉರಿ ಜೋರಾದರೆ ಸೀದು ಕಹಿ. ಸ್ವಲ್ಪ ಸ್ವಲ್ಪವೇ ಹಾಕಿ ಕಾಯುವ ಈ ಕೆಲಸಕ್ಕೆ ಅಂಗಡಿಯ ಬೆಲೆಪಟ್ಟಿಯಲ್ಲಿ ಸಾಲಿಲ್ಲ. ಅಲ್ಲೆಲ್ಲ ಡ್ರೈ ಫ್ರೂಟ್ಸ್‌ನದೇ ಲೆಕ್ಕ.

ಅಮೀನಗಡ ಬಂತು. “ಎರಡ ಮಿನಿಟ್ ರೀ” ಎಂದು ಕಂಡಕ್ಟರ ಕೈಗೆ ಬಾಗಲಕೋಟೆಯ ತುಂಡೊಂದನ್ನು ಲಂಚವಾಗಿ ಇಟ್ಟು ಓಡಿದೆ. ಈ ಊರಿನ ವಿಜಯಾ ಕರದಂಟು ಅಂಗಡಿ 1907ರದು. ನೂರು ದಾಟಿದ ಕಸುಬು. ಅಲ್ಲಿಂದ ನಾನು ತಂದ ತುಂಡು ರೂಪವಂತನಲ್ಲ: ಕಂದು ಬಣ್ಣ, ಉಬ್ಬುತಗ್ಗು. ಮೂಗಿನ ಬಳಿ ತಂದರೆ ಮೊದಲು ತುಪ್ಪ, ಆಮೇಲೆ ಏಲಕ್ಕಿ. ಬಾಯಿಗಿಟ್ಟರೆ ಉತ್ತತ್ತಿ, ಬೆಲ್ಲ. ಅಂಟು ಹಪ್ಪಳದಂತೆ ಗರಕ್ ಎಂದು ಮುರಿಯಿತು, ಮರುಗಳಿಗೆಗೆ ಅಲ್ಲಿ ಇರಲೇ ಇಲ್ಲ. ಕೊನೆಗೆ ಹಲ್ಲಿನ ನಡುವೆ ಗಸಗಸೆಯ ಸಣ್ಣ ಸದ್ದು. ಬೆಲ್ಲ ಒಂದು ಗುಲಗಂಜಿ ಹೆಚ್ಚಾಯಿತೆನಿಸಿತು, ಇರಲಿ. (ಕರದಂಟಿಗೆ ಹೆಸರಾದ ಇನ್ನೊಂದು ಊರು ಗೋಕಾಕದವರು ಸಿಟ್ಟಾಗಬಾರದು, ನಿಮ್ಮ ಸರದಿಯೂ ಬರುತ್ತದೆ.)

ಅಜ್ಜಿ ಈ ಸಲ ಬೆಳಕಿಗೆ ಹಿಡಿಯಲಿಲ್ಲ. ಅರ್ಧ ತಿಂದು, ಅರ್ಧ ಸೆರಗಿನ ಗಂಟಿಗೆ ಸೇರಿಸಿದರು.

ಹುನಗುಂದದಲ್ಲಿ ಜನ ಹತ್ತಿ ಇಳಿದಾಯಿತು, ಬಸ್ಸು ಮಾತ್ರ ಹೊರಡಲಿಲ್ಲ. ತಿರುಗಿ ನೋಡಿದರೆ ಕಂಡಕ್ಟರು ಸೀಟಿ ಕೈಯಲ್ಲಿ ಹಿಡಿದು ದವಡೆ ಆಡಿಸುತ್ತ ನಿಂತಿದ್ದಾರೆ. ಕಡೆಗೆ ಬಸ್ಸಿನ ತಗಡು ಬಡಿದರು.