ಕರುಳಿನ ಟಿಬಿಯೋ, ಕ್ರೋನ್ಸೋ: ಔಷಧ ಕೊಟ್ಟು ನೋಡುವ ಪದ್ಧತಿ

ಹೊಟ್ಟೆನೋವು, ಬಿಟ್ಟುಬಿಟ್ಟು ಬರುವ ಜ್ವರ, ಭೇದಿ, ದಿನೇದಿನೇ ಇಳಿಯುವ ತೂಕ. ಹಲಸೂರಿನಿಂದಲೋ ಕೆ.ಆರ್. ಪುರದಿಂದಲೋ ಬೆಂಗಳೂರಿನ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಗೆ ಹೀಗೆ ಬಂದವರದು ಕರುಳಿನ ಟಿಬಿಯೂ ಆಗಿರಬಹುದು, ಕ್ರೋನ್ಸ್ ಕಾಯಿಲೆಯೂ ಆಗಿರಬಹುದು. ಮೊದಲನೆಯದಕ್ಕೆ ರೋಗಾಣು ಕಾರಣ. ಎರಡನೆಯದರಲ್ಲಿ ರೋಗನಿರೋಧಕ ಕೋಶಗಳೇ ಕರುಳಿನ ಮೇಲೆ ತಿರುಗಿಬೀಳುತ್ತವೆ. ಎರಡೂ ಹೆಚ್ಚಾಗಿ ಹಿಡಿಯುವುದು ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗವನ್ನೇ. ಕೊಲೊನೋಸ್ಕೋಪಿಯಲ್ಲಿ ಹುಣ್ಣುಗಳು ಒಂದೇ ಥರ ಕಾಣಬಹುದು, ಬಯಾಪ್ಸಿಯಲ್ಲಿ ರೋಗಾಣು ಸಿಗದೇ ಹೋಗಬಹುದು. ಆಗ ಮೊದಲು ಟಿಬಿ ಔಷಧ ಕೊಟ್ಟು ನೋಡುವುದು ನಮ್ಮಲ್ಲಿರುವ ರೂಢಿ.

ಈ ರೂಢಿಗೆ ಗಟ್ಟಿ ಆಧಾರವಿದೆ. ಟಿಬಿ ರೋಗಾಣುವನ್ನು ಮ್ಯಾಕ್ರೋಫೇಜ್ ಕೋಶಗಳು ಸುತ್ತುವರಿದು ಗಂಟು ಕಟ್ಟುತ್ತವೆ; ಆ ಗಂಟು ಸಡಿಲವಾಗದಂತೆ ಕಾಯುವುದು ಟಿಎನ್‌ಎಫ್ ಎಂಬ ಪ್ರೋಟೀನ್. ಕ್ರೋನ್ಸ್‌ನಲ್ಲಿ ಅದೇ ಟಿಎನ್‌ಎಫ್ ಮಿತಿಮೀರಿ ಕರುಳಿನಲ್ಲಿ ಉರಿಯೂತ ಹಚ್ಚುತ್ತದೆ. ಅದನ್ನು ತಡೆಯುವ ಇನ್‌ಫ್ಲಿಕ್ಸಿಮ್ಯಾಬ್‌ಗೆ ಅಮೆರಿಕದಲ್ಲಿ 1998ರಲ್ಲಿ ಅನುಮತಿ ಸಿಕ್ಕಿತು. ಆ ಔಷಧ ಪಡೆದ 70 ಮಂದಿಗೆ ಟಿಬಿ ಬಂದ ವರದಿ 2001ರಲ್ಲೇ ಹೊರಬಂತು. ಟಿಬಿಯನ್ನು ಕ್ರೋನ್ಸ್ ಎಂದು ತಿಳಿದು ಇಂಥ ಔಷಧ ಕೊಟ್ಟರೆ ಜೀವಕ್ಕೇ ಕುತ್ತು.

ದೋಷವಿರುವುದು ಔಷಧ ಶುರುಮಾಡುವುದರಲ್ಲಲ್ಲ, ನಡುವೆ ಪರೀಕ್ಷಿಸದೆ ಮುಂದುವರಿಸುವುದರಲ್ಲಿ. ಜ್ವರ ಇಳಿದು ಹಸಿವು ಮರಳಿತೆಂದರೆ ಟಿಬಿಯೇ ಎಂದು ನಂಬುವುದು ಸಲ್ಲದು. ಕ್ರೋನ್ಸ್ ರೋಗಿಗಳಲ್ಲೂ ಕೆಲವರಿಗೆ ಹಾಗೆ ಗುಣ ಕಾಣುತ್ತದೆ. ಹುಣ್ಣು ಮಾಯ್ದಿದೆಯೇ ಎಂಬುದೇ ಸರಿಯಾದ ಅಳತೆ. ಎರಡು-ಮೂರು ತಿಂಗಳಿಗೆ ಮತ್ತೊಮ್ಮೆ ಕೊಲೊನೋಸ್ಕೋಪಿ ಮಾಡಿದರೆ ಅದು ತಿಳಿಯುತ್ತದೆ. ಆರು ತಿಂಗಳ ಕೋರ್ಸ್ ಮುಗಿಯಲಿ ಎಂದು ಕಾದರೆ ಕ್ರೋನ್ಸ್ ಇದ್ದವರ ಕರುಳು ಕಿರಿದಾಗುತ್ತಾ ಆಪರೇಷನ್ ಹತ್ತಿರವಾಗಬಹುದು. ಐಸೋನಿಯಾಜಿಡ್, ಪೈರಜಿನಮೈಡ್‌ನಂಥ ಟಿಬಿ ಔಷಧಗಳಿಂದ ಲಿವರ್‌ಗೆ ಆಗಬಹುದಾದ ಹಾನಿ ಬೇರೆ.

ರೋಗನಿರೋಧಕ ಕೋಶಗಳೇ ಈ ಗೊಂದಲ ಬಿಡಿಸಬಲ್ಲವೇ? ಮಲದಲ್ಲಿ ಅಳೆಯುವ ಕ್ಯಾಲ್‌ಪ್ರೊಟೆಕ್ಟಿನ್ ನ್ಯೂಟ್ರೋಫಿಲ್ ಕೋಶಗಳ ಪ್ರೋಟೀನ್. ಅದು ಉರಿಯೂತ ಇದೆ ಎನ್ನುತ್ತದೆಯೇ ಹೊರತು ಯಾವುದರದೆಂದು ಹೇಳದು. ಹೆಚ್ಚು ಭರವಸೆ ಕೊಡುವುದು ದೆಹಲಿಯ ಏಮ್ಸ್ ತಂಡ 2018ರಲ್ಲಿ ಪ್ರಕಟಿಸಿದ ಅಧ್ಯಯನ. ಉರಿಯೂತಕ್ಕೆ ಕಡಿವಾಣ ಹಾಕುವ ನಿಯಂತ್ರಕ ಟಿ ಕೋಶಗಳ ಪ್ರಮಾಣ ಕರುಳಿನ ಟಿಬಿ ಇದ್ದವರ ರಕ್ತದಲ್ಲಿ ಕ್ರೋನ್ಸ್ ಇದ್ದವರಿಗಿಂತ ಹೆಚ್ಚಾಗಿತ್ತು. ಆದರೆ ಇದಕ್ಕೆ ಕೋಶಗಳನ್ನು ಗುರುತಿಸಿ ಎಣಿಸುವ ಫ್ಲೋ ಸೈಟೋಮೀಟರ್ ಯಂತ್ರ ಬೇಕು. ಒಂದು ಕೇಂದ್ರದ ಫಲಿತಾಂಶ ಬೇರೆ ಊರುಗಳ ರೋಗಿಗಳಲ್ಲೂ ನಿಲ್ಲಬೇಕು.

ಅಲ್ಲಿಯವರೆಗೆ ಔಷಧ ಕೊಟ್ಟು ನೋಡುವ ಪದ್ಧತಿ ಉಳಿಯಲಿ. ಆದರೆ ಮರುಪರೀಕ್ಷೆಯ ದಿನಾಂಕವನ್ನು ಮೊದಲ ಚೀಟಿಯಲ್ಲೇ ಬರೆಯಬೇಕು. ಸರ್ಕಾರ ಟಿಬಿ ಮಾತ್ರೆಗಳನ್ನು ಉಚಿತವಾಗಿ ಕೊಡುವಂತೆ ಈ ಎರಡನೇ ಕೊಲೊನೋಸ್ಕೋಪಿಯನ್ನೂ ಚಿಕಿತ್ಸೆಯ ಭಾಗವಾಗಿಯೇ ಕೊಡಬೇಕು. ಗುಣವಾದಂತೆ ಅನಿಸುವಾಗಲೂ ಕೂಲಿ ಬಿಟ್ಟು ಯಾಕೆ ಬರಬೇಕೆಂದು ರೋಗಿಗೆ ಬಿಡಿಸಿ ಹೇಳುವುದೂ ವೈದ್ಯರ ಕೆಲಸವೇ.