ಫ್ಯಾನ್ ‘ಡೈರೆಕ್ಟ್’: ಒಂದು ರಿಪೇರಿಯ ವಿಮರ್ಶೆ

ಬೇಸಿಗೆಯಲ್ಲಿ ಹೈದರಾಬಾದಿನ ವನಸ್ಥಲಿಪುರಂ ಆಟೋನಗರಕ್ಕೆ ಬಂದು ನಿಲ್ಲುವ ಲಾರಿಗಳದ್ದು ಹೆಚ್ಚುಕಡಿಮೆ ಒಂದೇ ದೂರು. ಡ್ರೈವರ್ ಬೀದರ್, ಕಲಬುರಗಿ ಕಡೆಯವನಾದರೆ ಹೀಗೆ ಹೇಳುತ್ತಾನೆ: “ಗಾಡಿ ಹೀಟ್ ಆಗ್ಲಕತ್ತದ ಉಸ್ತಾದ್, ಫ್ಯಾನ್ ಡೈರೆಕ್ಟ್ ಮಾಡಿಬಿಡ್ರಿ.” ರೋಗದ ಜೊತೆ ಔಷಧಿಯನ್ನೂ ಅವನೇ ಹೇಳಿಯಾಯಿತು. ಫ್ಯಾನಿನ ನಡುವಿನ ವಿಸ್ಕಸ್ ಕ್ಲಚ್ಚನ್ನು ಬೋಲ್ಟ್ ಹಾಕಿ ಬಿಗಿದುಬಿಟ್ಟರೆ ಎಂಜಿನ್ ತಿರುಗುವಷ್ಟು ಹೊತ್ತೂ ಫ್ಯಾನ್ ತಿರುಗುತ್ತದೆ, ಹೀಟ್ ಮೀಟರಿನ ಮುಳ್ಳು ಕೆಳಗಿಳಿಯುತ್ತದೆ. ಹೀಟ್ ಇಳಿಯಿತೆಂದ ಮೇಲೆ ಅದು ಯಾಕೆ ಏರಿತ್ತು ಎಂದು ಯಾರೂ ಕೇಳುವುದಿಲ್ಲ. ಈ ರಿಪೇರಿಯ ಮೇಲೆ ನನ್ನ ಮುಖ್ಯ ತಕರಾರು ಇದೇ.

ಕ್ಲಚ್ಚಿನೊಳಗೆ ಇರುವುದು ಮಂದವಾದ ಸಿಲಿಕೋನ್ ಎಣ್ಣೆ. ರೇಡಿಯೇಟರ್ ದಾಟಿ ಬರುವ ಗಾಳಿ ಬಿಸಿಯಾದಾಗ ಮುಂಭಾಗದ ಬೈಮೆಟಲ್ ಪಟ್ಟಿ ಬಾಗಿ ವಾಲ್ವ್ ತೆರೆಯುತ್ತದೆ, ಎಣ್ಣೆ ಒಳಗೆ ಹರಿದು ಫ್ಯಾನನ್ನು ತನ್ನ ಜೊತೆ ಎಳೆದೊಯ್ಯುತ್ತದೆ. ತಂಪಾದರೆ ಹಿಂದಕ್ಕೆ ಸರಿಯುತ್ತದೆ. ಹೆದ್ದಾರಿಯಲ್ಲಿ ಎದುರುಗಾಳಿಯೇ ಬಹುಮಟ್ಟಿಗೆ ಸಾಕಾಗುವುದರಿಂದ ಫ್ಯಾನಿಗೆ ಹೆಚ್ಚಿನ ಹೊತ್ತು ಬಿಡುವು. ಆ ಬಿಡುವಿಗೆ ಬೆಲೆಯಿದೆ. ಫ್ಯಾನಿನ ವೇಗ ಅರ್ಧಕ್ಕಿಳಿದರೆ ಅದು ತಿನ್ನುವ ಶಕ್ತಿ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಪೂರ್ಣ ವೇಗದಲ್ಲಿ 20 ಕಿಲೋವಾಟ್ ಎಳೆಯುವ ಫ್ಯಾನ್ ಗಂಟೆಗೆ ಸುಮಾರು 5 ಲೀಟರ್ ಡೀಸೆಲ್ ಕುಡಿಯುತ್ತದೆ. ಈ ಡೀಸೆಲ್ ಮಾಲೀಕನ ಲೆಕ್ಕಕ್ಕೆ ಸದ್ದಿಲ್ಲದೆ ಸೇರುತ್ತದೆ. ನಡುದಾರಿಯಲ್ಲಿ ಗಾಡಿ ನಿಂತರೆ ಬೈಗುಳ ಮಾತ್ರ ಡ್ರೈವರನಿಗೆ. ಡೈರೆಕ್ಟ್ ಅವನಿಗೆ ಯಾಕೆ ಇಷ್ಟ ಎಂಬುದು ಅರ್ಥವಾಗದ ಸಂಗತಿಯೇನಲ್ಲ.

ಹಾಗೆಂದು ಸ್ಕ್ಯಾನರ್ ಹಿಡಿದ ಸರ್ವಿಸ್ ಸೆಂಟರಿನ ಪದ್ಧತಿ ಮೇಲೆಂದು ಒಪ್ಪಲಾರೆ. 2020ರಲ್ಲಿ ಬಿಎಸ್-6 ಹೊಗೆ ನಿಯಮ ಬಂದ ಮೇಲಿನ ಅನೇಕ ಭಾರಿ ಲಾರಿಗಳಲ್ಲಿ ಕ್ಲಚ್ಚಿನ ವಾಲ್ವನ್ನು ಎಂಜಿನ್ನಿನ ಕಂಪ್ಯೂಟರಾದ ಇಸಿಎಂ ನಡೆಸುತ್ತದೆ, ಫ್ಯಾನಿನ ವೇಗವನ್ನು ಸೆನ್ಸರ್ ಎಣಿಸುತ್ತದೆ. 647 ಎಂಬ ಕೋಡ್ ಕ್ಲಚ್ಚಿನ ಕರೆಂಟಿನ ದಾರಿಯ ಬಗ್ಗೆ, 1639 ಫ್ಯಾನಿನ ವೇಗದ ಬಗ್ಗೆ. ಕೋಡ್ ಕಂಡಕೂಡಲೇ ಇಡೀ ಕ್ಲಚ್ ಬದಲಿಸುವುದು ಸರ್ವಿಸ್ ಸೆಂಟರಿನ ಅಭ್ಯಾಸ. ತಿರುಗುವ ಭಾಗಕ್ಕೆ ಉಜ್ಜಿ ಸವೆದ ವೈರೂ, ಸುಟ್ಟ ಕಾಯಿಲೂ ಒಂದೇ ಕೋಡ್ ಕೊಡಬಲ್ಲವು. ಮೀಟರ್ ಹಿಡಿದು ಓಮ್ ನೋಡದೆ ಎರಡನ್ನು ಬೇರ್ಪಡಿಸಲಾಗದು. ಇಂಥ ಬಹುತೇಕ ಕ್ಲಚ್ಚುಗಳಲ್ಲಿ ಕನೆಕ್ಟರ್ ಕಿತ್ತರೆ ಫ್ಯಾನ್ ತಾನಾಗಿ ಪೂರ್ತಿ ವೇಗಕ್ಕೆ ಹೋಗುವಂತೆ ಇಟ್ಟಿರುತ್ತಾರೆ. ಕನೆಕ್ಟರ್ ಕಿತ್ತು ಎಂಜಿನ್ ಓಡಿಸಿದಾಗ ಫ್ಯಾನ್ ಭೋರೆಂದರೆ ಕ್ಲಚ್ಚಿನ ಎಣ್ಣೆಯ ಭಾಗ ಬದುಕಿದೆ, ಹುಡುಕಬೇಕಾದ್ದು ಕಾಯಿಲಿನಲ್ಲಿ, ವೈರಿನಲ್ಲಿ, ಸೆನ್ಸರಿನಲ್ಲಿ. ಐದು ನಿಮಿಷದ ಈ ಪರೀಕ್ಷೆ ಮಾಡದೆ ದುಬಾರಿ ಬಿಲ್ಲು ಬರೆಯುವುದಕ್ಕೆ ನಾನು ರಿಪೇರಿ ಎನ್ನುವುದಿಲ್ಲ.

ನನಗೆ ಒಪ್ಪಿಗೆಯಾಗುವುದು ಹಳೆಯ ಮಿಸ್ತ್ರಿಗಳ ಕ್ರಮ. ಅವರ ಮೊದಲ ಪ್ರಶ್ನೆ: ನಿಂತಾಗ ಹೀಟೋ, ಓಡುವಾಗಲೋ? ಖಾಲಿ ಹೆದ್ದಾರಿಯಲ್ಲಿ ವೇಗವಾಗಿ ಓಡುವಾಗ ಹೀಟ್ ಹಿಡಿದರೆ ತಪ್ಪು ಫ್ಯಾನಿನದ್ದಾಗಿರುವುದು ಅಪರೂಪ. ಎಲ್‌.ಬಿ. ನಗರದ ಟ್ರಾಫಿಕ್ಕಿನಲ್ಲಿ, ಏರು ಹತ್ತುವಾಗ ಹೀಟ್ ಆದರೆ ಫ್ಯಾನಿನ ಮೇಲೆ ಅನುಮಾನ ಸರಿ. ಆಮೇಲೆ ಎಂಜಿನ್ ಆರಿಸಿ, ಕೀ ಜೇಬಿಗೆ ಹಾಕಿಕೊಂಡು, ಕ್ಯಾಬಿನ್ ಎತ್ತಿ ಫ್ಯಾನಿನ ಅಲಗನ್ನು ಕೈಯಲ್ಲಿ ತಿರುಗಿಸುತ್ತಾರೆ. ತಡೆಯೇ ಇಲ್ಲದೆ ಗಿರ್ರನೆ ಸುತ್ತಿದರೆ ಎಣ್ಣೆ ಖಾಲಿ. ಹಬ್ಬಿನಿಂದ ಹೊರಕ್ಕೆ ಚೆಲ್ಲಿದ ಎಣ್ಣೆಗೆ ಧೂಳು ಮೆತ್ತಿ ಕಪ್ಪು ಗೆರೆಗಳು ಮೂಡಿದ್ದರೆ ಅದೇ ಸಾಕ್ಷಿ. ಅಲಗು ಹಿಂದೆಮುಂದೆ ಅಲುಗಿದರೆ ಬೇರಿಂಗ್. ಕೊನೆಗೆ ಟಾರ್ಚ್ ಬಿಟ್ಟು ಇಂಟರ್‌ಕೂಲರಿಗೂ ರೇಡಿಯೇಟರಿಗೂ ನಡುವಿನ ಸಂದಿ ನೋಡುತ್ತಾರೆ. ಹತ್ತಿಯ ನಾರು, ತೊಗರಿ ಹೊಟ್ಟು, ಎಣ್ಣೆ ಜಿಡ್ಡು ಸೇರಿ ಅಲ್ಲಿ ಕಂಬಳಿಯಂತೆ ಹಾಸಿಕೊಂಡಿರುತ್ತದೆ. ಹೊರಗಿನಿಂದ ಜಾಲಿ ಚೊಕ್ಕಟವಾಗಿಯೇ ಕಾಣುತ್ತದೆ. ಡೈರೆಕ್ಟ್ ಮಾಡಿದರೆ ಈ ಕಸ ಇನ್ನೊಂದು ಬೇಸಿಗೆಗೆ ಭದ್ರ. ಜೋರು ಪ್ರೆಶರಿನಲ್ಲಿ ಅಡ್ಡಾದಿಡ್ಡಿ ನೀರು ಹೊಡೆದರೂ ಕಷ್ಟವೇ, ತೆಳು ಫಿನ್ನುಗಳು ಮಡಚಿ ದಾರಿ ಪೂರ್ತಿ ಮುಚ್ಚುತ್ತದೆ.

ಈ ಕ್ರಮದಲ್ಲೂ ಕೊರತೆಯಿದೆ. ರಾತ್ರಿಯಿಡೀ ನಿಂತ ಗಾಡಿಯ ಕ್ಲಚ್ಚಿನಲ್ಲಿ ಎಣ್ಣೆ ಕೆಲಸದ ಜಾಗಕ್ಕೆ ಇಳಿದಿರುತ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಫ್ಯಾನ್ ಸ್ವಲ್ಪ ಹೊತ್ತು ಗರ್ಜಿಸುವುದು ಸಹಜ. ಇದನ್ನೇ ಜಾಮ್ ಎಂದು ತೀರ್ಮಾನಿಸುವ ಮಿಸ್ತ್ರಿಗಳಿದ್ದಾರೆ. ಥರ್ಮೋಸ್ಟಾಟ್ ಕಿತ್ತೆಸೆಯುವ ಚಟವಂತೂ ಹೇಳುವುದೇ ಬೇಡ. ಕೈಯ ಅಂದಾಜು ಇಸಿಎಂ ಗಾಡಿಗೆ ಅರ್ಧ ದಾರಿಯಷ್ಟೇ, ಉಳಿದರ್ಧಕ್ಕೆ ಮೀಟರೂ ಸ್ಕ್ಯಾನರೂ ಬೇಕು.

2025ರಲ್ಲಿ ಹೊಸ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ. ಸಾಮಾನ್ಯವಾಗಿ ರೇಡಿಯೇಟರಿನ ಮುಂದೆಯೇ ಕೂರುವ ಎಸಿ ಕಂಡೆನ್ಸರ್ ಕಸ ಹಿಡಿಯಲು ಇನ್ನೊಂದು ಪದರ. ಎಸಿಯ ಗ್ಯಾಸ್ ಒತ್ತಡ ಏರಿದಾಗ ನೀರು ತಂಪಿದ್ದರೂ ಫ್ಯಾನ್ ಓಡಬೇಕಾಗುತ್ತದೆ. ಮುಳ್ಳು ನಡುವಿನಲ್ಲೇ ಇದ್ದು ಫ್ಯಾನ್ ಮಾತ್ರ ಭೋರಿಡುತ್ತಿದೆ ಎಂಬ ದೂರು ಬಂದ ದಿನ ಉಸ್ತಾದ್ ಮೊದಲು ಎಸಿ ಸ್ವಿಚ್ ಆರಿಸಿ ನೋಡಲಿ.